ಮೊದಲ ಸಂಬಳ ಬಂತಾ? ಹೂಡಿಕೆಗೆ ಮುನ್ನ ನೋಯ್ಡಾದ ಬೈಕ್ ಬೋಟ್ ಲೆಕ್ಕ ಒಮ್ಮೆ ನೋಡಿ: ಹೊಸಬರಿಗೆ ಹಂತ ಹಂತದ ಮಾಹಿತಿ

ನವದೆಹಲಿ: ಒಂದು ಬೈಕಿಗೆ 62,100 ರೂಪಾಯಿ ಕಟ್ಟಿ, ತಿಂಗಳಿಗೆ 9,765 ರೂಪಾಯಿಯಂತೆ ಒಂದು ವರ್ಷ ಹಣ ಪಡೆಯಿರಿ. ಗ್ರೇಟರ್ ನೋಯ್ಡಾದ ಗರ್ವಿತ್ ಇನ್ನೋವೇಟಿವ್ ಪ್ರಮೋಟರ್ಸ್ ಕಂಪನಿ 2017ರಲ್ಲಿ ಜನರ ಮುಂದಿಟ್ಟ 'ಬೈಕ್ ಬೋಟ್' ಯೋಜನೆ ಇದು. ಬೈಕನ್ನು ಕಂಪನಿಯೇ ಟ್ಯಾಕ್ಸಿಯಾಗಿ ಓಡಿಸಿ, ಹಣ ಕಟ್ಟಿದವರಿಗೆ ಬಾಡಿಗೆ ಕೊಡುತ್ತದೆ ಎಂಬುದು ಭರವಸೆಯಾಗಿತ್ತು. 2019ರ ಹೊತ್ತಿಗೆ ಪಾವತಿ ನಿಂತಿತು. ಉತ್ತರ ಪ್ರದೇಶ ಪೊಲೀಸರು ಪ್ರಕರಣ ದಾಖಲಿಸಿದರು, ನಂತರ ಇ.ಡಿ. ಮತ್ತು ಸಿಬಿಐ ತನಿಖೆಯೂ ನಡೆಯಿತು.

ಇಲ್ಲಿ ಒಂದು ಸರಳ ಲೆಕ್ಕ ಹಾಕಿ. ತಿಂಗಳಿಗೆ 9,765 ಎಂದರೆ 12 ತಿಂಗಳಿಗೆ 1,17,180 ರೂಪಾಯಿ. ಲಾಭ 55,080 ರೂಪಾಯಿ, ಅಂದರೆ ಶೇ 88ಕ್ಕೂ ಹೆಚ್ಚು. ವರ್ಷಕ್ಕೆ ಇಷ್ಟು ದುಡಿಯುವ ವ್ಯವಹಾರ ಕೈಯಲ್ಲಿದ್ದರೆ, ಬ್ಯಾಂಕಿನಲ್ಲಿ ಕಡಿಮೆ ಬಡ್ಡಿಗೆ ಸಾಲ ಪಡೆಯುವ ಬದಲು ಕಂಪನಿ ನಿಮ್ಮ ಹಣವನ್ನೇ ಏಕೆ ಕೇಳುತ್ತದೆ?

ದೆಹಲಿ-ಎನ್‌ಸಿಆರ್‌ಗೆ ಇದು ಹೊಸದಲ್ಲ. ಕೃಷಿ ಭೂಮಿಯ ಹೆಸರಿನಲ್ಲಿ ದೇಶಾದ್ಯಂತ ಹಣ ಸಂಗ್ರಹಿಸಿದ್ದ ಪಿಎಸಿಎಲ್ ಕಂಪನಿಗೆ, ಹೂಡಿಕೆದಾರರ 49,100 ಕೋಟಿ ರೂಪಾಯಿ ಹಿಂದಿರುಗಿಸುವಂತೆ ಸೆಬಿ 2014ರ ಆಗಸ್ಟ್‌ನಲ್ಲಿ ಆದೇಶಿಸಿತ್ತು. ಆಸ್ತಿ ಮಾರಿ ಹಣ ಮರಳಿಸಲು ಸುಪ್ರೀಂ ಕೋರ್ಟ್ 2016ರಲ್ಲಿ ನ್ಯಾಯಮೂರ್ತಿ ಆರ್.ಎಂ. ಲೋಧಾ ಸಮಿತಿ ರಚಿಸುವಂತೆ ಸೂಚಿಸಿತು. ಕರ್ನಾಟಕದವರಿಗೆ 2019ರ ಐಎಂಎ ಪ್ರಕರಣ ನೆನಪಿರಬಹುದು. ಬೆಂಗಳೂರಿನಿಂದ ದುಬೈಗೆ ಹೋಗಿದ್ದ ಸಂಸ್ಥಾಪಕನನ್ನು ಆ ವರ್ಷದ ಜುಲೈನಲ್ಲಿ ಬಂಧಿಸಿದ್ದು ದೆಹಲಿ ವಿಮಾನ ನಿಲ್ದಾಣದಲ್ಲೇ.

ನೋಯ್ಡಾ, ಗುರುಗ್ರಾಮ, ದೆಹಲಿಯಲ್ಲಿ ಮೊದಲ ಕೆಲಸ ಹಿಡಿದ ಕನ್ನಡಿಗರಿಗೂ, ಊರಲ್ಲೇ ದುಡಿಯುವವರಿಗೂ ಪಾಠ ಒಂದೇ. ಎಷ್ಟು ಲಾಭ ಬರುತ್ತದೆ ಎಂದು ಕೇಳುವ ಮೊದಲು ಮೂರು ಪ್ರಶ್ನೆ ಕೇಳಿ: ಲಾಭ ಎಲ್ಲಿಂದ ಬರುತ್ತದೆ? ಯಾವ ಸಂಸ್ಥೆ ಇದರ ಮೇಲೆ ಕಣ್ಣಿಟ್ಟಿದೆ? ಬೇಕಾದಾಗ ಹಣ ಹೇಗೆ ಸಿಗುತ್ತದೆ? ಉತ್ತರ ಸಿಗುವ ಕಡೆಗಳು ಯಾವುವು, ಯಾವ ಕ್ರಮದಲ್ಲಿ ಹಣ ಇಡಬೇಕು ಎಂಬ ವಿವರ ಇಲ್ಲಿದೆ.

1. ಮೊದಲು ಪೇ ಸ್ಲಿಪ್ ನೋಡಿ

ಪಿಎಫ್ ಕಡಿತವಾಗುತ್ತಿದ್ದರೆ ನಿಮ್ಮ ಹೂಡಿಕೆ ಆಗಲೇ ಶುರುವಾಗಿದೆ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 12ರಷ್ಟನ್ನು ಉದ್ಯೋಗಿ ಕಟ್ಟುತ್ತಾರೆ. ಕಂಪನಿಯೂ ಶೇ 12 ಕಟ್ಟುತ್ತದೆ, ಅದರಲ್ಲಿ ಒಂದು ಪಾಲು ಪಿಂಚಣಿ ಖಾತೆಗೆ ಹೋಗುತ್ತದೆ. ಕೆಲವು ಕಂಪನಿಗಳು 15,000 ರೂಪಾಯಿ ವೇತನಕ್ಕೆ ಮಾತ್ರ ಲೆಕ್ಕ ಹಾಕುತ್ತವೆ. 2024-25ನೇ ಸಾಲಿಗೆ ಬಡ್ಡಿ ಶೇ 8.25.

ಬೆಂಗಳೂರಿನ ಕೆಲಸ ಬಿಟ್ಟು ಗುರುಗ್ರಾಮಕ್ಕೆ ಬಂದವರು ಹಳೆಯ ಪಿಎಫ್ ಹಣ ತೆಗೆದು ಖರ್ಚು ಮಾಡುವುದುಂಟು. ಅದರ ಬದಲು ಅದೇ ಯುಎಎನ್ ಸಂಖ್ಯೆಯಡಿ ಹೊಸ ಕಂಪನಿಗೆ ವರ್ಗಾಯಿಸಿಕೊಳ್ಳಿ. ಐದು ವರ್ಷದ ಸತತ ಸೇವೆಗೆ ಮುನ್ನ ಹಣ ತೆಗೆದರೆ ಸಾಮಾನ್ಯವಾಗಿ ತೆರಿಗೆ ಅನ್ವಯಿಸುತ್ತದೆ. ಪಿಂಚಣಿಗೆ ಅರ್ಹತೆ ಬೇಕಾದರೆ ಒಟ್ಟು 10 ವರ್ಷದ ಸೇವೆ ಇರಬೇಕು.

2. ತುರ್ತು ನಿಧಿ

ಬಾಡಿಗೆ, ಊಟ, ಮೆಟ್ರೋ, ಊರಿಗೆ ಕಳಿಸುವ ಹಣ ಸೇರಿ ತಿಂಗಳಿಗೆ 30,000 ರೂಪಾಯಿ ಖರ್ಚಿದೆ ಎಂದುಕೊಳ್ಳಿ. ಆರು ತಿಂಗಳ ಖರ್ಚು ಎಂದರೆ 1.8 ಲಕ್ಷ ರೂಪಾಯಿ. ತಿಂಗಳಿಗೆ 10,000 ಉಳಿಸಿದರೆ ಇದಕ್ಕೆ ಒಂದೂವರೆ ವರ್ಷ ಬೇಕು. ನಿಧಾನ ಎನಿಸಿದರೂ ಈ ಹಂತ ಬಿಡಬೇಡಿ. ಕೆಲಸ ಹೋದರೆ, ಮನೆಯಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಸಾಲದ ಆ್ಯಪ್ ಕಡೆ ಕೈ ಚಾಚದಂತೆ ಕಾಪಾಡುವುದು ಈ ಹಣವೇ. ಇದನ್ನು ಉಳಿತಾಯ ಖಾತೆ ಅಥವಾ ಎಫ್‌ಡಿಯಲ್ಲಿ ಇಡಿ.

ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಮೊದಲು ಅದನ್ನು ತೀರಿಸಿ. ಹಲವು ಕಾರ್ಡ್‌ಗಳಲ್ಲಿ ಬಡ್ಡಿ ತಿಂಗಳಿಗೆ ಶೇ 3ಕ್ಕೂ ಹೆಚ್ಚು. ಅಷ್ಟು ಲಾಭವನ್ನು ಯಾವ ಸುರಕ್ಷಿತ ಹೂಡಿಕೆಯೂ ಕೊಡುವುದಿಲ್ಲ.

3. ವಿಮೆ

ಕಂಪನಿ ಕೊಡುವ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸ ಬಿಟ್ಟ ಕೂಡಲೇ ಮುಗಿಯುತ್ತದೆ. ಹಾಗಾಗಿ ಸ್ವಂತದ್ದೊಂದು ಪಾಲಿಸಿ ಇರಲಿ. ಮೊದಲೇ ಇರುವ ಕಾಯಿಲೆಗಳಿಗೆ 36 ತಿಂಗಳವರೆಗೆ ಕಾಯಬೇಕಾಗಬಹುದು, ಆದ್ದರಿಂದ ಬೇಗ ಮಾಡಿಸುವುದು ಲಾಭ. ತಂದೆ-ತಾಯಿ, ಸಂಗಾತಿ ನಿಮ್ಮ ಸಂಬಳವನ್ನೇ ನೆಚ್ಚಿಕೊಂಡಿದ್ದರೆ ಟರ್ಮ್ ಇನ್ಶೂರೆನ್ಸ್ ಸಹ ಬೇಕು. ವಿಮೆ ಮತ್ತು ಹೂಡಿಕೆಯನ್ನು ಒಂದೇ ಪಾಲಿಸಿಯಲ್ಲಿ ಬೆರೆಸುವ ಮುನ್ನ ಎರಡನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕಿ ನೋಡಿ.

4. ಬ್ಯಾಂಕ್ ಠೇವಣಿ ಮತ್ತು ಪಿಪಿಎಫ್

ಬ್ಯಾಂಕ್ ಮುಳುಗಿದರೂ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. 2020ರ ಫೆಬ್ರವರಿಗೆ ಮುನ್ನ ಈ ಮಿತಿ 1 ಲಕ್ಷ ಇತ್ತು. ಹೆಚ್ಚು ಹಣ ಇರುವವರು ಎರಡು ಬ್ಯಾಂಕುಗಳಲ್ಲಿ ಹಂಚಿ ಇಡಬಹುದು.

ಪಿಪಿಎಫ್ ಖಾತೆಯನ್ನು ಅಂಚೆ ಕಚೇರಿ ಅಥವಾ ಬ್ಯಾಂಕಿನಲ್ಲಿ ತೆರೆಯಬಹುದು. ವರ್ಷಕ್ಕೆ ಕನಿಷ್ಠ 500, ಗರಿಷ್ಠ 1.5 ಲಕ್ಷ ರೂಪಾಯಿ ಕಟ್ಟಬಹುದು. ಅವಧಿ 15 ವರ್ಷ. 2020ರ ಏಪ್ರಿಲ್‌ನಲ್ಲಿ ಶೇ 7.1ಕ್ಕೆ ಇಳಿದ ಬಡ್ಡಿ ದರ ಆನಂತರ ವರ್ಷಗಟ್ಟಲೆ ಅಷ್ಟೇ ಉಳಿದಿದೆ. ಬಡ್ಡಿಗೆ ತೆರಿಗೆ ಇಲ್ಲ. ಆದರೆ 80ಸಿ ವಿನಾಯಿತಿ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ ಎಂಬುದು ಗಮನದಲ್ಲಿರಲಿ.

5. ಎಸ್‌ಐಪಿ: ಕಾಯುವ ಹಣಕ್ಕೆ ಮಾತ್ರ

ಮೇಲಿನ ಹಂತಗಳು ಮುಗಿದ ಮೇಲೆ ಮ್ಯೂಚುವಲ್ ಫಂಡ್. ಹಲವು ಫಂಡ್‌ಗಳಲ್ಲಿ ತಿಂಗಳಿಗೆ 500 ರೂಪಾಯಿಯಿಂದಲೇ ಎಸ್‌ಐಪಿ ಶುರು ಮಾಡಬಹುದು. ಹೊಸಬರಿಗೆ ಸೆನ್ಸೆಕ್ಸ್ ಅಥವಾ ನಿಫ್ಟಿಯನ್ನು ಅನುಸರಿಸುವ ಇಂಡೆಕ್ಸ್ ಫಂಡ್ ಅರ್ಥ ಮಾಡಿಕೊಳ್ಳಲು ಸುಲಭ. ಡೈರೆಕ್ಟ್ ಪ್ಲಾನ್‌ನಲ್ಲಿ ಏಜೆಂಟ್ ಕಮಿಷನ್ ಇರುವುದಿಲ್ಲ, ಹೀಗಾಗಿ ಖರ್ಚು ಕಡಿಮೆ.

ತಿಂಗಳಿಗೆ 5,000 ರೂಪಾಯಿಯಂತೆ 15 ವರ್ಷ ಕಟ್ಟಿದರೆ ನಿಮ್ಮ ಜೇಬಿನಿಂದ ಹೋಗುವುದು 9 ಲಕ್ಷ. ವರ್ಷಕ್ಕೆ ಶೇ 10 ಬೆಳೆದರೆ ಅದು ಸುಮಾರು 21 ಲಕ್ಷ, ಶೇ 6 ಮಾತ್ರ ಬೆಳೆದರೆ ಸುಮಾರು 14.5 ಲಕ್ಷ. ಎಷ್ಟು ಬೆಳೆಯುತ್ತದೆ ಎಂದು ಯಾರೂ ಖಚಿತವಾಗಿ ಹೇಳಲಾರರು. 2020ರ ಮಾರ್ಚ್ 23ರಂದು ಒಂದೇ ದಿನ ಸೆನ್ಸೆಕ್ಸ್ ಸುಮಾರು ಶೇ 13 ಕುಸಿದಿತ್ತು. ಎರಡು-ಮೂರು ವರ್ಷದಲ್ಲಿ ಮದುವೆಗೋ ಮನೆಗೋ ಬೇಕಾದ ಹಣವನ್ನು ಇಲ್ಲಿ ಹಾಕಬೇಡಿ.

6. ಆಪ್ಷನ್ ಟ್ರೇಡಿಂಗ್ ಹೂಡಿಕೆಯಲ್ಲ

ಫೋನಿನಲ್ಲಿ ಖಾತೆ ತೆರೆಯುವುದು ಸುಲಭವಾಗಿರುವುದರಿಂದ ಫ್ಯೂಚರ್ಸ್ ಆ್ಯಂಡ್ ಆಪ್ಷನ್ಸ್‌ಗೆ ನೇರವಾಗಿ ಇಳಿಯುವ ಯುವಕರು ಹೆಚ್ಚಿದ್ದಾರೆ. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಇಲ್ಲಿ ವ್ಯವಹರಿಸಿದ ವೈಯಕ್ತಿಕ ಟ್ರೇಡರ್‌ಗಳ ಪೈಕಿ ಶೇ 93 ಮಂದಿ ನಷ್ಟ ಅನುಭವಿಸಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಎಂದು ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ತಿಳಿಸಿತ್ತು.

7. ಹಣ ಹಾಕುವ ಮುನ್ನ ಪರಿಶೀಲನೆ ಹೇಗೆ?

* ಷೇರು, ಮ್ಯೂಚುವಲ್ ಫಂಡ್, ಹೂಡಿಕೆ ಸಲಹೆ: ಬ್ರೋಕರ್ ಅಥವಾ ಸಲಹೆಗಾರರ ಹೆಸರು ಸೆಬಿ ವೆಬ್‌ಸೈಟ್‌ನ ನೋಂದಾಯಿತರ ಪಟ್ಟಿಯಲ್ಲಿದೆಯೇ ನೋಡಿ.
* ಠೇವಣಿ ಯೋಜನೆ: ರಿಸರ್ವ್ ಬ್ಯಾಂಕಿನ 'ಸಚೇತ್' ಪೋರ್ಟಲ್‌ನಲ್ಲಿ ವಿವರ ಹುಡುಕಬಹುದು, ದೂರನ್ನೂ ಕೊಡಬಹುದು. ಅನುಮತಿಯಿಲ್ಲದೆ ಠೇವಣಿ ಸಂಗ್ರಹಿಸುವುದು 2019ರ ಕಾಯ್ದೆಯಡಿ ಅಪರಾಧ.
* ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪಿನಲ್ಲಿ ಬಂದ ಲಿಂಕ್‌ನಿಂದ ಟ್ರೇಡಿಂಗ್ ಆ್ಯಪ್ ಹಾಕಿಕೊಳ್ಳಬೇಡಿ. ವ್ಯಕ್ತಿಯೊಬ್ಬರ ಖಾತೆಗೆ ಹಣ ಕಳಿಸಿ ಎಂದರೆ ಅಲ್ಲಿಗೇ ನಿಲ್ಲಿಸಿ.
* ಆನ್‌ಲೈನ್‌ನಲ್ಲಿ ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಹಣ ಕಟ್ಟುವಂತೆ ಹೇಳುವವರು ಅಪರಿಚಿತರೇ ಆಗಿರಬೇಕಿಲ್ಲ. ಇಂಥ ಯೋಜನೆಗಳು ಹಬ್ಬುವುದೇ ಸಹೋದ್ಯೋಗಿ, ರೂಮ್‌ಮೇಟ್, ನೆಂಟರ ಮೂಲಕ. ಮೊದಲ ಎರಡು ಕಂತು ಅವರಿಗೆ ನಿಜವಾಗಿಯೂ ಬಂದಿರುತ್ತದೆ, ಆದ್ದರಿಂದ ಅವರು ನಂಬಿಯೇ ಹೇಳುತ್ತಾರೆ. ಅವರ ಮೇಲಿನ ವಿಶ್ವಾಸ ಬೇರೆ, ಯೋಜನೆಯ ಮೇಲಿನ ವಿಶ್ವಾಸ ಬೇರೆ. ಎರಡನೆಯದಕ್ಕೆ ನೋಂದಣಿ ಸಂಖ್ಯೆ ಕೇಳುವುದರಲ್ಲಿ ಸಂಕೋಚ ಬೇಡ.

(ಗಮನಿಸಿ: ಈ ಲೇಖನ ಮಾಹಿತಿಗಾಗಿ ಮಾತ್ರ. ಬಡ್ಡಿ ದರ ಹಾಗೂ ತೆರಿಗೆ ನಿಯಮಗಳು ಬದಲಾಗುತ್ತಿರುತ್ತವೆ. ಹೂಡಿಕೆಗೆ ಮುನ್ನ ಸೆಬಿ ನೋಂದಾಯಿತ ಸಲಹೆಗಾರರನ್ನು ಸಂಪರ್ಕಿಸಿ.)