ತಾಳ ಯಾರ ಕೈಯಲ್ಲಿ

ಕೋಲಾರ ಜಿಲ್ಲೆಯ ಮುಳಬಾಗಿಲಿಗೆ ಹತ್ತಿರದ ಕುರುಡುಮಲೆಯಲ್ಲಿ 13 ಅಡಿಗೂ ಮಿಕ್ಕಿದ ಏಕಶಿಲೆಯ ಗಣೇಶನಿದ್ದಾನೆ. ಅಲ್ಲೇ ಆಚೆಗೆ ಚೋಳರ ಕಾಲದ ಸೋಮೇಶ್ವರ ಗುಡಿ. ತ್ರಿಪುರಾಸುರನ ಮೇಲೆ ದಂಡೆತ್ತಿ ಹೋಗುವ ಮುನ್ನ ತ್ರಿಮೂರ್ತಿಗಳೇ ಈ ಗಣೇಶನನ್ನು ನಿಲ್ಲಿಸಿ ಪೂಜಿಸಿದರೆಂದು ಜನ ನಂಬುತ್ತಾರೆ. ಆದ್ದರಿಂದಲೇ ಯಾವ ಕೆಲಸಕ್ಕೆ ಹೊರಟರೂ ಮೊದಲು ಇಲ್ಲಿಗೆ ಬಂದು ಕಾಯಿ ಒಡೆಯುವುದು ರೂಢಿ. 1999ರಲ್ಲಿ ಎಸ್.ಎಂ. ಕೃಷ್ಣ ಅವರ ಚುನಾವಣಾ ಪ್ರಚಾರದ ಪಾಂಚಜನ್ಯ ಯಾತ್ರೆ ಹೊರಟದ್ದೂ ಇಲ್ಲಿಂದಲೇ. ಹೀಗೆ ಆರಂಭಕ್ಕೆ ಹೆಸರಾದ ಈ ಸೀಮೆಯ ಹುಡುಗರು ಈಗ ಕೈಹಾಕುತ್ತಿರುವ ಹೊಸ ಕಸುಬುಗಳಲ್ಲಿ ಡಿಜೆ ಕೆಲಸವೂ ಒಂದು. ಮೊದಲ ಕಂಟ್ರೋಲರ್ ಯಾವುದಿರಬೇಕು, ಯಾವ ಸಾಫ್ಟ್‌ವೇರಿನಲ್ಲಿ ಕಲಿಯಬೇಕು ಎಂದು ಕೇಳಿದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಬೆಲೆ ಮತ್ತು ಬ್ರ್ಯಾಂಡಿನದು. ಆ ಉತ್ತರ ಸಾಲದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಮೆರವಣಿಗೆಗಳಲ್ಲಿ ತಾಳದ ಮೇಲೆ ಕೈ ಯಾವಾಗ ಇತ್ತು, ಯಾವಾಗ ತಪ್ಪಿಹೋಯಿತು ಎಂಬ ಚರಿತ್ರೆಯನ್ನು ಮೊದಲು ನೋಡಬೇಕು. ಆಗ ಯಾವ ಯಂತ್ರ ಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.

ಈ ಸೀಮೆಯ ಉತ್ಸವಕ್ಕೆ ಹಿಂದಿನಿಂದ ಇದ್ದದ್ದು ಎರಡು ಸದ್ದು. ಗುಡಿಯ ಕಡೆಯಿಂದ ನಾದಸ್ವರ, ಡೋಲಿನ ಓಲಗ. ಬೀದಿಯ ಕಡೆಯಿಂದ ತಮಟೆ. ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿ ಬಿಗಿ ಮಾಡಿಕೊಂಡು, ಒಂದು ಕೈಯಲ್ಲಿ ಗಿಡ್ಡ ಕೋಲು, ಇನ್ನೊಂದರಲ್ಲಿ ತೆಳ್ಳನೆಯ ಕಡ್ಡಿ ಹಿಡಿದು ಬಾರಿಸುವ ತಮಟೆಯವನು ನೋಡುವುದು ಕುಣಿಯುವವರ ಕಾಲನ್ನು. ಪಲ್ಲಕ್ಕಿ ತಿರುವಿನಲ್ಲಿ ನಿಂತರೆ ಗತಿ ಇಳಿಯುತ್ತದೆ, ಹುಡುಗರ ಗುಂಪಿಗೆ ಹುರುಪು ಬಂದರೆ ಏರುತ್ತದೆ, ಹೊತ್ತವರಿಗೆ ಸುಸ್ತಾದರೆ ಹದಕ್ಕೆ ಬರುತ್ತದೆ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ವಾದಕ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. 2007ರವರೆಗೆ ಆ ತಾಲ್ಲೂಕು ಕೋಲಾರ ಜಿಲ್ಲೆಯದೇ ಆಗಿತ್ತು. ಆ ಗೌರವ ಸಂದದ್ದು ಇಂಥ ವಿದ್ಯೆಗೆ: ಎದುರಿನ ಜನರನ್ನು ಓದುತ್ತ, ಪ್ರತಿ ಪೆಟ್ಟನ್ನೂ ಆ ಗಳಿಗೆಯಲ್ಲೇ ತೀರ್ಮಾನಿಸುವ ವಿದ್ಯೆಗೆ.

ಮೈಕ್ ಸೆಟ್ ಬಂದಾಗ ಈ ವಿದ್ಯೆಗೆ ದೊಡ್ಡ ಪೆಟ್ಟು ಬಿತ್ತು. ಕೋಲಾರ ಜಿಲ್ಲೆಗೆ ವಿದ್ಯುತ್ ಬಂದದ್ದು ಬಹಳ ಬೇಗ. 1902ರಲ್ಲೇ ಶಿವನಸಮುದ್ರದಿಂದ 92 ಮೈಲಿ ತಂತಿ ಎಳೆದು ಚಿನ್ನದ ಗಣಿಗಳಿಗೆ ಕರೆಂಟು ಕೊಟ್ಟರು. ಅದು ಗಣಿಗೆ ಹೋದ ಕರೆಂಟು; ಹಳ್ಳಿಗಳು ಇನ್ನೂ ದಶಕಗಳ ಕಾಲ ಕಾಯಬೇಕಾಯಿತು. ಆಮೇಲೆ ಆಂಪ್ಲಿಫೈಯರ್, ಮರಕ್ಕೋ ಕಂಬಕ್ಕೋ ಕಟ್ಟಿದ ಹಾರನ್, ಪೆಟ್ಟಿಗೆಯಂಥ ರೆಕಾರ್ಡ್ ಪ್ಲೇಯರ್ ಊರೂರಿಗೆ ಬಂದವು. 78ರ ವೇಗದ ರೆಕಾರ್ಡಿನ ಒಂದು ಮಗ್ಗುಲು ಓಡುತ್ತಿದ್ದದ್ದು ಸುಮಾರು 3 ನಿಮಿಷ. ಅಷ್ಟು ಹೊತ್ತಿಗೊಮ್ಮೆಯಾದರೂ ಸೆಟ್ಟಿನವನು ತಟ್ಟೆ ತಿರುಗಿಸಬೇಕಿತ್ತು, ಮುಂದಿನ ಹಾಡು ಆರಿಸಬೇಕಿತ್ತು. ಕ್ಯಾಸೆಟ್ಟು ಬಂದ ಮೇಲೆ ಮಗ್ಗುಲಿಗೆ 30 ನಿಮಿಷ; 1987ರ ‘ಪ್ರೇಮಲೋಕ’ದಂಥ ಕ್ಯಾಸೆಟ್ಟನ್ನು ಹಾಕಿಬಿಟ್ಟು ಊಟಕ್ಕೆ ಹೋಗಿಬರಬಹುದಿತ್ತು. ಪೆನ್‌ಡ್ರೈವ್ ಬಂದ ಮೇಲಂತೂ ಇಡೀ ರಾತ್ರಿಗೆ ಒಂದು ಸಲ ಒತ್ತಿದರೆ ಸಾಕು. ತಮಟೆಯಲ್ಲಿ ಪ್ರತಿ ಪೆಟ್ಟಿಗೂ ಇದ್ದ ಕೈ ಹೀಗೆ ಹಂತಹಂತವಾಗಿ ದೂರ ಸರಿಯಿತು. ಹಾಡಿನ ಗತಿಯನ್ನು ಎಲ್ಲೋ ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ಸ್ಟುಡಿಯೋದಲ್ಲಿ ಕೂತವರು ತೀರ್ಮಾನಿಸಿದ್ದರು; ಮುಳಬಾಗಿಲಿನ ಬೀದಿಯ ಕಾಲುಗಳು ಅದನ್ನು ಹಿಂಬಾಲಿಸಬೇಕಾಯಿತು. ಟ್ರ್ಯಾಕ್ಟರಿನ ಮೇಲೆ ಬಾಕ್ಸು ಪೇರಿಸಿ, ಮೊದಲೇ ಮಿಕ್ಸ್ ಮಾಡಿದ ತೆಲುಗು, ಕನ್ನಡ ಹಾಡುಗಳನ್ನು ಪೆನ್‌ಡ್ರೈವಿನಿಂದ ಬಿಡುವುದನ್ನೂ ನಾವು ಡಿಜೆ ಎಂದೇ ಕರೆಯುತ್ತೇವೆ. ನನ್ನ ಲೆಕ್ಕದಲ್ಲಿ ಅದು ಗಾತ್ರ ಹೆಚ್ಚಿದ ಮೈಕ್ ಸೆಟ್ ಅಷ್ಟೆ.

ನಿಜವಾದ ಡಿಜೆ ಯಂತ್ರದ ಹುಟ್ಟು ಇದಕ್ಕೆ ತದ್ವಿರುದ್ಧವಾದ ಹಂಬಲದಿಂದ ಆಯಿತು. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ನಡೆದ ಕೂಟದಿಂದ ಹೆಸರಾದ ಡಿಜೆ ಕೂಲ್ ಹರ್ಕ್, ಕುಣಿಯುವವರು ಹಾಡಿನ ಯಾವ ಭಾಗಕ್ಕೆ ಕಾಯುತ್ತಾರೆಂಬುದನ್ನು ಗಮನಿಸಿದ್ದ. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಪ್ಲೇಯರಿನಲ್ಲಿಟ್ಟು, ಬರೀ ವಾದ್ಯ ನುಡಿಯುವ ಆ ಭಾಗವನ್ನೇ ಮತ್ತೆ ಮತ್ತೆ ಬೆಳೆಸಿದ. ಜಪಾನಿನ ಟೆಕ್ನಿಕ್ಸ್ ಕಂಪನಿ 1972ರಲ್ಲಿ ತಂದ ಎಸ್‌ಎಲ್-1200 ಪ್ಲೇಯರಿನ 1979ರ ಮಾದರಿಯಲ್ಲಿ ವೇಗವನ್ನು ನೂರಕ್ಕೆ 8ರಷ್ಟು ಏರಿಸುವ, ಇಳಿಸುವ ಉದ್ದನೆಯ ಸ್ಲೈಡರ್ ಬಂತು. ಒಂದು ಹಾಡು ಜನರಿಗೆ ಕೇಳುತ್ತಿರುವಾಗಲೇ ಇನ್ನೊಂದನ್ನು ಹೆಡ್‌ಫೋನಿನಲ್ಲಿ ಕೇಳಿ, ಗತಿ ಹೊಂದಿಸಿ, ಸಂದು ತಿಳಿಯದಂತೆ ಸೇರಿಸುವುದು ಇದರಿಂದ ಸುಲಭವಾಯಿತು. 2004ರ ಸೆರಾಟೊ ಸ್ಕ್ರ್ಯಾಚ್ ಲೈವ್ ಸಾಫ್ಟ್‌ವೇರ್ ಬಂದ ಮೇಲೆ ರೆಕಾರ್ಡ್ ತಿರುಗಿಸುವ ಕೈಯೇ ಲ್ಯಾಪ್‌ಟಾಪಿನ ಹಾಡನ್ನು ಆಡಿಸತೊಡಗಿತು. 2010ರ ನ್ಯೂಮಾರ್ಕ್ ಮಿಕ್ಸ್‌ಟ್ರ್ಯಾಕ್, 2018ರ ಪಯೋನಿಯರ್ ಡಿಡಿಜೆ-400ನಂಥ ಕಂಟ್ರೋಲರುಗಳಲ್ಲಿ ಎರಡು ಪ್ಲೇಯರು, ಒಂದು ಮಿಕ್ಸರು ಎಲ್ಲವೂ ತೊಡೆಯ ಮೇಲೆ ಹಿಡಿಯುವಷ್ಟು ಹಲಗೆಯಲ್ಲಿ ಅಡಗಿ, ಸಾಧಾರಣ ಮನೆಯ ಹುಡುಗನ ಕೈಗೂ ಎಟುಕುವಂತಾದವು. ಮೈಕ್ ಸೆಟ್ ಕಿತ್ತುಕೊಂಡದ್ದನ್ನು ಈ ಹಲಗೆ ಹಿಂದಿರುಗಿಸಬಲ್ಲದು ಎಂಬುದೇ ನನ್ನ ವಾದ. ಎದುರಿನ ಕಾಲುಗಳನ್ನು ನೋಡಿ ಗತಿ ಬದಲಿಸುವ ಅಧಿಕಾರ ಮತ್ತೆ ಬೀದಿಯಲ್ಲಿ ನಿಂತವನ ಬೆರಳಿಗೆ ಬರುತ್ತದೆ.

ಸಾಫ್ಟ್‌ವೇರಿನ ಸಿಂಕ್ ಗುಂಡಿ ಒತ್ತಿದರೆ ಎರಡು ಹಾಡೂ ತಾವಾಗಿ ಹೊಂದಿಕೊಳ್ಳುತ್ತವೆ, ಕೈಗೇನು ಕೆಲಸ ಎಂದು ಕೇಳುವವರಿದ್ದಾರೆ. ಕಂಪ್ಯೂಟರಿನಲ್ಲೇ ಕಟ್ಟಿದ ಇವತ್ತಿನ ಹಾಡುಗಳ ಮಟ್ಟಿಗೆ ಅದು ನಿಜ. ನಮ್ಮ ಉತ್ಸವದ ಹಾಡುಗಳ ಬುಟ್ಟಿ ಬೇರೆ. 1970, 80ರ ದಶಕದ ಚಿತ್ರಗೀತೆಗಳನ್ನು ಹತ್ತಾರು ವಾದ್ಯಗಾರರು ಒಟ್ಟಿಗೆ ಕೂತು ನುಡಿಸಿದರು. ಪಲ್ಲವಿಗೂ ಚರಣಕ್ಕೂ ನಡುವೆ ಗತಿ ತುಸು ಓಡುತ್ತದೆ, ತುಸು ತಡೆಯುತ್ತದೆ. ಸಾಫ್ಟ್‌ವೇರ್ ಮೊದಲಿಂದ ಕೊನೆಯವರೆಗೆ ಒಂದೇ ಅಳತೆಯ ಗೆರೆಗಳನ್ನು ಎಳೆದಿಟ್ಟರೆ ಎರಡನೆಯ ಚರಣಕ್ಕೆ ಬರುವಾಗ ತಾಳ ಗೆರೆಯಿಂದ ಜಾರಿರುತ್ತದೆ. ಜೊತೆಗೆ ನಮ್ಮ ಬೀದಿ ಕುಣಿತದ ಎಷ್ಟೋ ಪೆಟ್ಟುಗಳು ಮೂರರ ನಡೆಯವು. ನಾಲ್ಕರ ಲೆಕ್ಕಕ್ಕೆಂದು ಕಟ್ಟಿದ ಸಾಫ್ಟ್‌ವೇರ್ ಅಂಥ ಹಾಡಿನ ವೇಗವನ್ನು ಒಂದೂವರೆ ಪಟ್ಟು ಹೆಚ್ಚಾಗಿಯೋ ಅರ್ಧವಾಗಿಯೋ ಓದಿಬಿಡುವುದುಂಟು. ಇಂಥ ಹಾಡುಗಳಲ್ಲಿ ಸಿಂಕ್ ನಂಬಿದವನು ಎಲ್ಲರ ಮುಂದೆ ಎಡವುತ್ತಾನೆ, ಕಿವಿ ನಂಬಿದವನು ಉಳಿಯುತ್ತಾನೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ, ಡಿಜೆ ಬಂದು ತಮಟೆಯವರ ಅನ್ನ ಕಸಿಯಿತು ಎಂಬುದು. ಇದರಲ್ಲಿ ಸತ್ಯವಿದೆ. ಒಂದು ಟ್ರ್ಯಾಕ್ಟರ್ ಬಾಕ್ಸಿಗೆ ಕೊಡುವ ಬಾಡಿಗೆಯಲ್ಲಿ ಒಂದು ತಂಡದ ಸಂಬಳ ಮುಳುಗಿಹೋಗುತ್ತದೆ. ಆದರೂ ತಮಟೆಯ ಹಳೆಯ ಕಾಲವನ್ನು ಹಂಬಲಿಸುವವರು ಒಂದನ್ನು ಮರೆಯಬಾರದು: ಆ ತಮಟೆಯನ್ನು ಯಾರು ಬಾರಿಸಬೇಕೆಂದು ಊರಿನ ಜಾತಿ ತೀರ್ಮಾನಿಸಿತ್ತು. ಸಾವಿಗೂ ಜಾತ್ರೆಗೂ ಕರೆದಾಗ ಬರಬೇಕು, ಕೊಟ್ಟಷ್ಟು ಪಡೆಯಬೇಕು, ಗುಡಿಯ ಹೊರಗೇ ನಿಲ್ಲಬೇಕು. ದಲಿತ ಚಳವಳಿ ಗಟ್ಟಿಯಾಗಿ ಬೇರೂರಿದ ಕೋಲಾರದಲ್ಲಿ ಈ ಬಿಟ್ಟಿ ಚಾಕರಿಯನ್ನು ನಿರಾಕರಿಸಿದವರೂ, ಅದೇ ತಮಟೆಯನ್ನು ಹೋರಾಟದ ಹಾಡಿಗೆ ಎತ್ತಿಕೊಂಡವರೂ ಇದ್ದರು. ಕವಿ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ತೇರಹಳ್ಳಿ ಬೆಟ್ಟದ ಮೇಲೆ ಕಟ್ಟಿದ ‘ಆದಿಮ’ ಸಾಂಸ್ಕೃತಿಕ ಕೇಂದ್ರದ ಹುಣ್ಣಿಮೆ ಹಾಡಿನ ರಾತ್ರಿಗಳಲ್ಲಿ ಇಂಥ ಸದ್ದಿಗೆ ಕಲೆಯ ಮರ್ಯಾದೆ ದೊರೆಯಿತು. ಕಂಟ್ರೋಲರನ್ನು ಹುಟ್ಟಿನ ಕಾರಣಕ್ಕೆ ಯಾರ ಹೆಗಲಿಗೂ ಕಟ್ಟಿಲ್ಲ; ಕಲಿತವನು ಬಾರಿಸುತ್ತಾನೆ, ಬೇಡವೆಂದರೆ ಬಿಡುತ್ತಾನೆ. ಇದು ಸಣ್ಣ ಬದಲಾವಣೆಯಲ್ಲ. ಅನ್ನ ಕಳೆದುಕೊಂಡವರ ನೋವಿಗೆ ಇದೇ ಪೂರ್ತಿ ಉತ್ತರವೆಂದೂ ನಾನು ಹೇಳಲಾರೆ. ಉತ್ಸವ ಸಮಿತಿಗಳು ಬಾಕ್ಸಿಗೆ ಎತ್ತುವ ಚಂದಾದಲ್ಲಿ ತಮಟೆ ತಂಡದ ನ್ಯಾಯವಾದ ಸಂಬಳವನ್ನೂ ಸೇರಿಸಬೇಕು.

ಡಿಜೆಯ ಮೇಲಿರುವ ಸದ್ದಿನ ದೂರೂ ನ್ಯಾಯವಾದದ್ದೇ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಜನವಸತಿಯಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿರ್ಬಂಧ. 2005ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಎದೆ ನಡುಗಿಸುವ ಬಾಕ್ಸುಗಳನ್ನು ಬೀದಿಗೆ ತರುವುದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆ ಅಬ್ಬರ ಆಂಪ್ಲಿಫೈಯರು, ಬಾಕ್ಸುಗಳ ಲೆಕ್ಕದ್ದು, ಕಂಟ್ರೋಲರಿನದಲ್ಲ. ಕೈಚಳಕ ಇಲ್ಲದ ಕಡೆ ಸದ್ದನ್ನೇ ಏರಿಸಬೇಕಾಗುತ್ತದೆ.

ಹಾಗಾದರೆ ಮೊದಲ ಯಂತ್ರದಲ್ಲಿ ನೋಡಬೇಕಾದದ್ದು ಮಿನುಗುವ ಪ್ಯಾಡುಗಳ ಸಂಖ್ಯೆಯಲ್ಲ. ವೇಗದ ಸ್ಲೈಡರ್ ಉದ್ದವಾಗಿ, ಬೆರಳಿನಿಂದ ನಿಧಾನವಾಗಿ ಸರಿಸುವಂತಿರಬೇಕು. ಎರಡು ಚಾನೆಲ್ಲಿಗೂ ಹಾಡನ್ನು ಮೊದಲೇ ಹೆಡ್‌ಫೋನಿನಲ್ಲಿ ಕೇಳುವ ಕ್ಯೂ ಬೇಕು. ಮೈಕ್ ಸೇರಿಸಲು ಒಂದು ಕಿಂಡಿಯೂ ಬೇಕು. ಕಡಿಮೆ ಬೆಲೆಯ ಎಷ್ಟೋ ಮಾದರಿಗಳಲ್ಲಿ ಸದ್ದು ಹೊರಬರುವುದು ಕೆಂಪು, ಬಿಳಿ ಆರ್‌ಸಿಎ ಪಿನ್ನಿನಿಂದ. ಜನರೇಟರ್ ಓಡುವ ಕಡೆ ಆ ವೈರನ್ನು ಉದ್ದ ಎಳೆದರೆ ಗುಂಯ್‌ಗುಡುವ ಸದ್ದು ಸೇರಿಕೊಳ್ಳುತ್ತದೆ, ಆದ್ದರಿಂದ ಮಿಕ್ಸರಿನ ಪಕ್ಕದಲ್ಲೇ ನಿಲ್ಲಬೇಕು. ಸಾಫ್ಟ್‌ವೇರಿಗೆ ಮೊದಲ ವರ್ಷ ದುಡ್ಡು ಸುರಿಯುವ ಅಗತ್ಯವಿಲ್ಲ. ಮಿಕ್ಸ್ (Mixxx) ಎಂಬ ಸಾಫ್ಟ್‌ವೇರ್ ಪೂರ್ತಿ ಉಚಿತ, ಸೆರಾಟೊ ಡಿಜೆ ಲೈಟ್ ಅದಕ್ಕೆ ಹೊಂದುವ ಕಂಟ್ರೋಲರುಗಳ ಜೊತೆ ಉಚಿತ. ತಾಳದ ಗೆರೆಗಳನ್ನು ಕೈಯಿಂದ ತಿದ್ದಲು ಬಿಡುವಂಥದಾದರೆ ಒಳ್ಳೆಯದು; ಯಾವುದೇ ಇರಲಿ, ಸಿಂಕ್ ಆಫ್ ಮಾಡಿ ಅಭ್ಯಾಸ ಮಾಡಬೇಕು. ಈ ಅಭ್ಯಾಸದ ಫಲ ಗೊತ್ತಾಗುವುದು ಮೆರವಣಿಗೆಯಲ್ಲಿ ತಮಟೆ ತಂಡವನ್ನೂ ಕರೆದಾಗ. ಕೋಲು ಹಿಡಿದವನ ಗತಿಗೆ ಯಾವ ಸಿಂಕ್ ಗುಂಡಿಯೂ ಹೊಂದಿಕೊಳ್ಳದು. ಅವನು ಏರಿಸಿದಾಗ ಸ್ಲೈಡರ್ ಏರಬೇಕು, ಅವನು ತಡೆದಾಗ ಇಳಿಯಬೇಕು, ಅವನ ಮುಕ್ತಾಯದ ಪೆಟ್ಟು ಬೀಳುವ ಮುನ್ನವೇ ಮುಂದಿನ ಹಾಡು ಹೆಡ್‌ಫೋನಿನಲ್ಲಿ ಸಿದ್ಧವಾಗಿರಬೇಕು.