ಉತ್ತರಕ್ಕೆ ಕನ್ಸರ್ವೆನ್ಸಿ ಓಣಿ

ಮಲ್ಲೇಶ್ವರದ ಅಜ್ಜನ ಮನೆಯನ್ನು ಮಾರುವುದೆಂದು ದಾಯಾದಿಗಳೆಲ್ಲ ಕೂತು ತೀರ್ಮಾನಿಸಿದ ಮೇಲೆ, ಅದನ್ನು ಕೊಳ್ಳುವವರ ಕಣ್ಣಿಗೆ ಅಣಿಗೊಳಿಸುವ ಕೆಲಸ ನನ್ನ ಪಾಲಿಗೆ ಬಂತು. ಬೆಂಗಳೂರಿನಲ್ಲಿ ಉಳಿದವನು ನಾನೊಬ್ಬನೇ. ಬ್ರೋಕರ್ ಮೊದಲ ದಿನವೇ ಹೇಳಿದ: “ಸಾರ್, ದುಡ್ಡು ಸೈಟಿಗೆ, ಮನೆಗಲ್ಲ. ಆದ್ರೂ ನೋಡೋಕೆ ಬಂದೋರು ಮೂಗು ಮುರೀಬಾರ್ದು.” ಕೆಡವುವ ಮನೆಗೆ ಸಿಂಗಾರ! ಆದರೂ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನು ಇಳಿಸಿದೆ. ಒಡೆದ ಮಂಗಳೂರು ಹೆಂಚುಗಳನ್ನು ಬದಲಾಯಿಸಿದೆ. ನಡುಮನೆಯ ಕೆಂಪು ನೆಲಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿಸಿದಾಗ ಅದು ನನ್ನ ಚಿಕ್ಕಂದಿನ ಬಣ್ಣಕ್ಕೆ ತಿರುಗಿತು. ಒಂದು ಗಳಿಗೆ ಮಾರುವುದೇ ಬೇಡ ಅನ್ನಿಸಿದ್ದೂ ಉಂಟು.

ಬ್ರೋಕರನ ತಕರಾರು ಬೇರೆ ಇತ್ತು. ಮನೆಯ ಬಾಗಿಲು ದಕ್ಷಿಣಕ್ಕೆ. “ಸೌತ್ ಫೇಸಿಂಗ್ ಅಂದ್ರೆ ಅರ್ಧ ಪಾರ್ಟಿ ಫೋನಲ್ಲೇ ಕಟ್ ಮಾಡ್ತಾರೆ. ಹಿಂದೆ ಓಣಿ ಇದೆಯಲ್ಲ, ಆ ಕಡೆ ಒಂದು ಗೇಟ್ ಇಡಿ. ನಾರ್ತ್ ಎಂಟ್ರೆನ್ಸ್ ಆಯ್ತು, ಎರಡು ಕಡೆ ರಸ್ತೆಯೂ ಆಯ್ತು.” ಹಿತ್ತಲನ್ನೇ ಹೆಬ್ಬಾಗಿಲು ಮಾಡುವ ಈ ಉಪಾಯ ಕೇಳಿ ನಕ್ಕೆ. ಆ ಓಣಿ ಅಲ್ಲಿ ಯಾಕಿದೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಮನೆಯನ್ನು ಪರರ ಕಣ್ಣಿಗೆ ಅಣಿಗೊಳಿಸುವುದು ಈ ಊರಿಗೆ ಹೊಸದಲ್ಲ. 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಕೆ. ಶೇಷಾದ್ರಿ ಅಯ್ಯರ್ ದಿವಾನರು, ವಿ.ಪಿ. ಮಾಧವರಾಯರು ಪ್ಲೇಗ್ ಕಮಿಷನರ್. ಪೇಟೆಯ ಮನೆಗಳಿಗೆ ತಪಾಸಣೆಯವರು ನುಗ್ಗುತ್ತಿದ್ದರು. ಸಾಮಾನೆಲ್ಲ ಬೀದಿಗೆ ಬರುತ್ತಿತ್ತು, ಒಳಗೆ ಬಿಸಿಲು ಬೀಳಲೆಂದು ಹೆಂಚು ತೆಗೆಸುತ್ತಿದ್ದರು, ಗೋಡೆಗಳಿಗೆ ಸುಣ್ಣ ಬಳಿಸುತ್ತಿದ್ದರು. ರೋಗದ ಬ್ಯಾಕ್ಟೀರಿಯಾವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲೇ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದ. ಆದರೂ ಇಕ್ಕಟ್ಟು, ಕತ್ತಲೆ, ಕೆಟ್ಟ ಗಾಳಿಯೇ ಸಾವಿಗೆ ಕಾರಣ ಎಂಬ ನಂಬಿಕೆ ಹೋಗಿರಲಿಲ್ಲ. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳ ಯೋಚನೆ 1890ರ ದಶಕದ ಮೊದಲಲ್ಲೇ ಹುಟ್ಟಿತ್ತು ನಿಜ. ಜನ ಪೇಟೆಯ ಮನೆ ಬಿಟ್ಟು ಕಾಡು ಮಲ್ಲೇಶ್ವರನ ಸುತ್ತಿನ ಬಯಲಿಗೆ ಬರುವ ಮನಸ್ಸು ಮಾಡಿದ್ದು ಮಾತ್ರ ಪ್ಲೇಗಿನ ಹೆದರಿಕೆಯಿಂದ. ನೇರ ರಸ್ತೆಗಳು, ಮನೆಯ ಸುತ್ತ ಜಾಗ, ಎತ್ತರದ ಕಿಟಕಿ. ಮತ್ತು ಎರಡು ಸಾಲು ಮನೆಗಳ ಬೆನ್ನಿನ ನಡುವೆ ಒಂದು ಗಾಡಿ ಹಿಡಿಸುವಷ್ಟು ಅಗಲದ ಕನ್ಸರ್ವೆನ್ಸಿ ಓಣಿ.

ಈಗ ಅಲ್ಲಿ ಸ್ಕೂಟರ್ ನಿಲ್ಲಿಸುತ್ತಾರೆ. ಆಗ ಅದು ಮಲ ಹೊರುವವರ ದಾರಿ. ಮುಂದಿನ ಬೀದಿಯಲ್ಲಿ ಅವರು ಕಾಣಬಾರದು, ಕೆಲಸ ಮಾತ್ರ ನಡೆಯಬೇಕು. ನಗರಯೋಜನೆ ಜಾತಿಯನ್ನು ಇಷ್ಟು ಅಚ್ಚುಕಟ್ಟಾಗಿ ನಕಾಶೆಗೆ ಇಳಿಸಿದ್ದನ್ನು ನಾವು ಇವತ್ತಿಗೂ ‘ಹಳೇ ಬೆಂಗಳೂರಿನ ಸೊಗಸು’ ಎಂದು ಹೊಗಳುತ್ತೇವೆ. ನಾನೂ ಹೊಗಳಿದ್ದೇನೆ.

ಗೇಟ್ ಇಡಲು ಹಿತ್ತಲ ಗೋಡೆ ಒಡೆಯುತ್ತಿದ್ದ ಗಾರೆಯವನು ನನ್ನನ್ನು ಕೂಗಿದ. ಈಶಾನ್ಯ ಮೂಲೆಯಲ್ಲಿದ್ದ ನಮ್ಮ ಸೌದೆ ಕೋಣೆಯ ಗೋಡೆಯಲ್ಲಿ, ನೆಲಕ್ಕೆ ತಾಗಿದಂತೆ ಓಣಿಯ ಕಡೆಗೆ ಒಂದು ಕಂಡಿ. ಅದಕ್ಕೆ ತುಕ್ಕು ಹಿಡಿದ ತಗಡಿನ ಮುಚ್ಚಳ. “ಇದೇನ್ ಸಾರ್, ನಾಯಿ ಬರೋಕಾ?” ಅಂದ. ನನಗೂ ಗೊತ್ತಾಗಲಿಲ್ಲ.

ಮೈಸೂರಿನಲ್ಲಿರುವ ದೊಡ್ಡಮ್ಮನಿಗೆ ಫೋನ್ ಮಾಡಿದೆ. ವಯಸ್ಸು ತೊಂಬತ್ತರ ಹತ್ತಿರ, ಕಿವಿ ಮಂದ, ನೆನಪು ಚುರುಕು.

“ಅದು ಸೌದೆ ಕೋಣೆ ಆಗಿದ್ದು ಆಮೇಲೆ ಕಣೋ. ಮೊದಲು ಕಕ್ಕಸು. ಅವಳು ಓಣಿಯಿಂದ ಬಂದು ಮುಚ್ಚಳ ಎತ್ತಿ ಬಕೆಟ್ ಎಳ್ಕೊಂಡು ಹೋಗೋಳು.”

“ಯಾರು ದೊಡ್ಡಮ್ಮ?”

“ಹೆಸರು ಗೊತ್ತಿಲ್ಲಪ್ಪ. ಹಬ್ಬಕ್ಕೆ ಹಳೇ ಸೀರೆ ಕೊಡ್ತಿದ್ವಿ. ಗೋಡೆ ಮೇಲೆ ಇಡ್ತಿದ್ವಿ, ಅವಳು ತಗೋಳೋಳು.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಷ್ಟು ವರ್ಷ ಬಂದ್ಲು! ಮುಖ ಕೂಡ ಸರಿಯಾಗಿ ನೋಡಿಲ್ಲ ನೋಡು” ಅಂದಳು.

ಬಿ. ಬಸವಲಿಂಗಪ್ಪ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 1973ರ ‘ಬೂಸಾ’ ಗಲಾಟೆ. ದೇವರಾಜ ಅರಸರ ಸಂಪುಟದಲ್ಲಿದ್ದಾಗ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದವರೂ ಅವರೇ. ದೇಶಕ್ಕೆ ಅಂಥ ಕಾನೂನು ಬಂದದ್ದು 1993ರಲ್ಲಿ. ಅದು ಸಾಲದೆ 2013ರಲ್ಲಿ ಇನ್ನೊಂದು.

ಬ್ರೋಕರಿಗೆ ವಿಷಯ ಹೇಳಬಾರದಿತ್ತು. ಅವನಿಗೆ ಕಂಡಿದ್ದು ಒಂದೇ: ಈಶಾನ್ಯದಲ್ಲಿ ಕಕ್ಕಸು! ಪ್ಲೇಗಿನ ಕಾಲದವರಿಗೆ ವಾಸ್ತುಗಿಂತ ಓಣಿ ಮುಖ್ಯವಾಗಿತ್ತು. ಓಣಿ ಎಲ್ಲಿತ್ತೋ ಕಕ್ಕಸೂ ಅಲ್ಲಿಗೇ ಹೋಯಿತು. “ಯಾರ ಹತ್ರಾನೂ ಬಾಯಿ ಬಿಡಬೇಡಿ ಸಾರ್” ಎಂದು ಅವನೇ ನಿಂತು ಕಂಡಿ ಮುಚ್ಚಿಸಿದ. ಇಟ್ಟಿಗೆ, ಸಿಮೆಂಟು, ಮೇಲೆ ಎರಡು ಕೋಟ್ ಬಣ್ಣ. ಕೋಣೆಯನ್ನು ಗುಡಿಸಿ, ಅದರ ಮುಂದೆ ತುಳಸಿ ಕಟ್ಟೆ ತಂದಿಟ್ಟ. ನಾನು ಬೇಡವೆನ್ನಲಿಲ್ಲ. ಗಾರೆಯವನಿಗೆ ಕೂಲಿ ಕೊಟ್ಟವನೂ ನಾನೇ.

ನಾಲ್ಕನೆಯ ಪಾರ್ಟಿ ಒಪ್ಪಿತು. ಗಂಡ ಹೆಂಡತಿ ಓಣಿಯ ಗೇಟಿನಿಂದಲೇ ಒಳಗೆ ಬಂದರು. ಆಕೆ ತುಳಸಿಗೆ ಕೈಮುಗಿದು, “ಈಶಾನ್ಯ ಚೆನ್ನಾಗಿಟ್ಟಿದ್ದೀರಿ” ಎಂದರು. ನಾನು ಕಾಫಿ ತರಿಸಿದೆ.

ಆಮೇಲಿನದು ಕಾಗದದ ಕೆಲಸ. ತಾಯಿ ಪತ್ರ, ಖಾತಾ, ಋಣಭಾರ ಪತ್ರ, ತೆರಿಗೆ ರಸೀದಿ. ಅಜ್ಜ ಮನೆ ಕೊಂಡಾಗಿನ ಕ್ರಯಪತ್ರದಲ್ಲಿ ಯಾವನೋ ಗುಮಾಸ್ತ ದುಂಡಗೆ ಚೆಕ್ಕುಬಂದಿ ಬರೆದಿದ್ದ: ಪೂರ್ವ ಪಶ್ಚಿಮಕ್ಕೆ ನೆರೆಯವರ ಮನೆಗಳು, ದಕ್ಷಿಣಕ್ಕೆ ಅಡ್ಡರಸ್ತೆ, ಉತ್ತರಕ್ಕೆ ಕನ್ಸರ್ವೆನ್ಸಿ ಓಣಿ. ಹೊಸ ಕರಡಿನಲ್ಲಿ ಉತ್ತರಕ್ಕೆ ಬರೀ ‘ರಸ್ತೆ’ ಎಂದಿತ್ತು.

“ತಾಯಿ ಪತ್ರದಲ್ಲಿ ಇರೋ ಹಾಗೇ ಇರಲಿ” ಎಂದೆ.

“ಎಲ್ಲಾ ಒಂದೇ ಅಲ್ವಾ ಸಾರ್, ಪಾರ್ಟಿಗೂ ರಸ್ತೆ ಅಂತಿದ್ರೇ ಖುಷಿ” ಎಂದರು ಪತ್ರ ಬರೆಯುವವರು.

ಒಂದೇ ಅಲ್ಲ ಎಂದೆ. ಅವರು ಗೊಣಗುತ್ತಲೇ ಆ ಹಾಳೆಯನ್ನು ತಿದ್ದಿ ಮತ್ತೆ ಪ್ರಿಂಟ್ ತೆಗೆದರು.