ಐರ್ಲೆಂಡಿನ ಕಡಲು: ತಣ್ಣೀರಿನ ಮೊದಲ ನಿಮಿಷ

‘ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು’ ಎಂಬ ಗಾದೆ ನಮ್ಮಲ್ಲಿದೆ. ಉಡುಪಿಯ ಕಡೆಯ ಹೊಳೆಯೊಂದರಲ್ಲಿ ಈಜು ಕಲಿತ ನಾನು ಅದನ್ನು ನಂಬಿಯೇ ಬೆಳೆದವನು. ಐರ್ಲೆಂಡಿಗೆ ಬಂದ ಮೊದಲ ವರ್ಷ, ಮೇ ತಿಂಗಳ ಒಂದು ಬಿಸಿಲಿನ ದಿನ, ಡಬ್ಲಿನ್ನಿನ ದಕ್ಷಿಣಕ್ಕಿರುವ ಸ್ಯಾಂಡಿಕೋವ್‌ನ ‘ಫಾರ್ಟಿ ಫೂಟ್’ ಬಂಡೆಗಳಿಂದ ಸಮುದ್ರಕ್ಕೆ ಧುಮುಕಿದೆ. ಎದೆ ಬಿಗಿಯಿತು, ಉಸಿರು ಹತೋಟಿ ತಪ್ಪಿತು. ಮೆಟ್ಟಿಲ ಪಕ್ಕದ ಕಂಬಿ ಕೈಗೆ ಸಿಕ್ಕಿದ್ದರಿಂದ ಬದುಕಿದೆ. ಆ ಗಾದೆ ಬೆಚ್ಚಗಿನ ನೀರಿನವರು ಕಟ್ಟಿದ್ದು ಎಂದು ಅಂದು ತಿಳಿಯಿತು.

ಶೀತಾಘಾತ

ಕರಾವಳಿ ಕರ್ನಾಟಕದ ಸಮುದ್ರದ ನೀರು ವರ್ಷದ ಬಹುಭಾಗ 27ರಿಂದ 30 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಐರ್ಲೆಂಡಿನ ಸುತ್ತ ಅದು ಮಾರ್ಚ್ ಹೊತ್ತಿಗೆ ಸುಮಾರು 8ರಿಂದ 10 ಡಿಗ್ರಿ. ಆಗಸ್ಟ್‌ನಲ್ಲೂ 15ರಿಂದ 17 ಡಿಗ್ರಿಯ ಆಸುಪಾಸು. ವಸಂತದಲ್ಲಿ ಗಾಳಿ ಬೇಗ ಬಿಸಿಯಾಗುತ್ತದೆ, ಸಮುದ್ರ ಬಹಳ ನಿಧಾನವಾಗಿ. ಹೀಗಾಗಿ ಮೇ, ಜೂನ್ ತಿಂಗಳ ಬಿಸಿಲು ನಮ್ಮನ್ನು ಮೋಸಗೊಳಿಸುತ್ತದೆ.

ಚರ್ಮ ಹಠಾತ್ತನೆ ತಣ್ಣಗಾದಾಗ ಮನುಷ್ಯ ತಾನೇ ತಡೆಯಲಾರದಂತೆ ಒಮ್ಮೆಲೇ ಉಸಿರೆಳೆದುಕೊಳ್ಳುತ್ತಾನೆ. ಬಳಿಕ ಏದುಸಿರು ಹತ್ತುತ್ತದೆ, ಹೃದಯದ ಬಡಿತ ಮತ್ತು ರಕ್ತದೊತ್ತಡ ಏರುತ್ತವೆ. ಆ ಕ್ಷಣದಲ್ಲಿ ಬಾಯಿ ನೀರಿನೊಳಗಿದ್ದರೆ ಶ್ವಾಸಕೋಶಕ್ಕೆ ಹೋಗುವುದು ನೀರೇ. ಹೃದ್ರೋಗವುಳ್ಳವರಿಗೆ ಅಪಾಯ ಇಮ್ಮಡಿ. ಬ್ರಿಟನ್ನಿನ ಶರೀರಕ್ರಿಯಾಶಾಸ್ತ್ರಜ್ಞ ಮೈಕ್ ಟಿಪ್ಟನ್ ಮೊದಲಾದವರು ಈ ಶೀತಾಘಾತವನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ದೇಹದ ಒಳಗಿನ ಉಷ್ಣತೆ ಅಪಾಯಕರವಾಗಿ ಕುಸಿಯಲು ವಯಸ್ಕರಲ್ಲಿ ಸಾಮಾನ್ಯವಾಗಿ ಅರ್ಧ ಗಂಟೆಯಾದರೂ ಬೇಕು. ಶೀತಾಘಾತಕ್ಕೆ ಮೊದಲ ನಿಮಿಷವೇ ಸಾಕು. ಈಜು ಬಲ್ಲವರನ್ನೂ ಅದು ಬಿಡುವುದಿಲ್ಲ.

ಸಮಾಧಾನದ ಸಂಗತಿಯೆಂದರೆ, ಇದು ಒಂದೆರಡು ನಿಮಿಷಗಳಲ್ಲಿ ತಗ್ಗುತ್ತದೆ. ಆದ್ದರಿಂದ ಆಕಸ್ಮಿಕವಾಗಿ ನೀರಿಗೆ ಬಿದ್ದವರು ಕೂಡಲೇ ಈಜಲು ಹೆಣಗಬಾರದು. ತಲೆಯನ್ನು ಹಿಂದಕ್ಕೆ ಚಾಚಿ, ಕಿವಿ ನೀರಿನಲ್ಲಿರುವಂತೆ ಅಂಗಾತ ತೇಲಬೇಕು. ಉಸಿರು ಹದಕ್ಕೆ ಬಂದ ಮೇಲೆ ಕೂಗಿ ಕರೆಯಬಹುದು, ಈಜಬಹುದು. 1824ರಲ್ಲಿ ಸ್ಥಾಪನೆಯಾಗಿ ಇಂದಿಗೂ ಈ ತೀರಗಳಲ್ಲಿ ರಕ್ಷಣಾ ದೋಣಿಗಳನ್ನು ನಡೆಸುತ್ತಿರುವ ಆರ್‌ಎನ್‌ಎಲ್‌ಐ ಸಂಸ್ಥೆ ಸಾರುವುದೂ ಇದನ್ನೇ.

ಉಬ್ಬರ ಮತ್ತು ಸೆಳೆತ

ಮಂಗಳೂರಿನಲ್ಲಿ ಉಬ್ಬರ ಇಳಿತಗಳ ನಡುವಿನ ಅಂತರ ಹೆಚ್ಚೆಂದರೆ ಒಂದೂವರೆ ಮೀಟರಿನಷ್ಟು. ಡಬ್ಲಿನ್ನಿನಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಹೊತ್ತಿಗೆ ಅದು ಸುಮಾರು 3.5 ಮೀಟರ್, ಗಾಲ್ವೇಯಲ್ಲಿ 4 ಮೀಟರನ್ನೂ ಮೀರುತ್ತದೆ. ಸ್ಯಾಂಡಿಮೌಂಟ್‌ನಂಥ ಚಪ್ಪಟೆ ಮರಳಿನಲ್ಲಿ ನೀರು ದೂರ ಸರಿದು ಮತ್ತೆ ನುಗ್ಗಿ ಬರುತ್ತದೆ. ಅದು ಮೊದಲು ತುಂಬುವುದು ತಗ್ಗಿನ ಕಾಲುವೆಗಳನ್ನು. ಎಂದರೆ ಮುಂದೆ ನಡೆದವರ ಬೆನ್ನ ಹಿಂದೆ. ಆರು ಗಂಟೆಯ ಏರಿಕೆಯಲ್ಲಿ ಅರ್ಧದಷ್ಟು ನೀರು ನಡುವಿನ ಎರಡು ಗಂಟೆಗಳಲ್ಲೇ ಬರುತ್ತದೆ. ಹೊರಡುವ ಮುನ್ನ ಉಬ್ಬರದ ವೇಳೆಯನ್ನು ನೋಡಿಕೊಳ್ಳಿ.

ತೆರೆಗಳ ನಡುವೆ ಸೆಳೆತಕ್ಕೆ ಸಿಕ್ಕವರು ಅದಕ್ಕೆದುರಾಗಿ ಈಜಬಾರದು. ತೇಲುತ್ತ ಕೈ ಎತ್ತಿ ಸಹಾಯ ಕೇಳಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ, ಸೆಳೆತದಿಂದ ಹೊರಬಂದು, ಅನಂತರ ದಡದತ್ತ ತಿರುಗಬೇಕು. ಜೀವರಕ್ಷಕರಿರುವ ಬೇಸಿಗೆಯ ದಿನಗಳಲ್ಲಿ ಕೆಂಪು–ಹಳದಿ ಬಾವುಟಗಳ ನಡುವೆಯೇ ಈಜಿ. ಕೆಂಪು ಬಾವುಟವಿದ್ದರೆ ಇಳಿಯಲೇಬೇಡಿ. ಗಾಳಿ ತುಂಬಿದ ಆಟಿಕೆಗಳ ಮೇಲೆ ಮಕ್ಕಳನ್ನು ಕೂರಿಸಬೇಡಿ. ದಡದಿಂದ ಬೀಸುವ ಗಾಳಿ ಅವನ್ನು ಕ್ಷಣದಲ್ಲಿ ಒಯ್ಯುತ್ತದೆ.

ಅವಘಡವಾದರೆ

112 ಅಥವಾ 999ಕ್ಕೆ ಕರೆ ಮಾಡಿ ‘ಕೋಸ್ಟ್ ಗಾರ್ಡ್’ ಬೇಕೆಂದು ಹೇಳಿ. ರಕ್ಷಿಸಲು ನೀವೇ ಹಾರಬೇಡಿ. ತೀರದಲ್ಲಿ ನೇತುಹಾಕಿರುವ ತೇಲುಬಳೆಯನ್ನು ಎಸೆಯಿರಿ. ಹೊರತೆಗೆದವರು ಉಸಿರಾಡದಿದ್ದರೆ ಮೊದಲು ಬಾಯಿಗೆ ಬಾಯಿಯಿಟ್ಟು 5 ಬಾರಿ ಉಸಿರು ಕೊಡಿ; ಬಳಿಕ 30 ಸಲ ಎದೆ ಒತ್ತುವುದು, 2 ಸಲ ಉಸಿರು ಕೊಡುವುದು, ಹೀಗೆ ಮುಂದುವರಿಸಿ. ನಮ್ಮೂರಿನಲ್ಲಿ ಮಾಡುವಂತೆ ಹೊಟ್ಟೆ ಒತ್ತಿಯೋ ತಲೆಕೆಳಗಾಗಿ ಹಿಡಿದೋ ನೀರು ಕಕ್ಕಿಸುತ್ತ ಹೊತ್ತು ಕಳೆಯಬೇಡಿ. ನಡುಗುವವರ ಒದ್ದೆ ಬಟ್ಟೆ ತೆಗೆದು, ಒರೆಸಿ, ಬೆಚ್ಚಗೆ ಹೊದಿಸಿ. ಕೈಕಾಲು ತಿಕ್ಕಬೇಡಿ, ಬ್ರಾಂದಿ ಕೊಡಬೇಡಿ. ನೀರು ಒಳಗೆ ಹೋಗಿ ಕೆಮ್ಮು ಅಥವಾ ಏದುಸಿರು ಉಳಿದವರನ್ನು, ಮಾತಾಡುತ್ತಿದ್ದರೂ ಸರಿ, ಆಸ್ಪತ್ರೆಗೆ ಒಯ್ಯಿರಿ.

ಈ ಎಚ್ಚರ ಸಮುದ್ರಕ್ಕಷ್ಟೇ ಅಲ್ಲ. 2022ರ ಆಗಸ್ಟ್‌ನಲ್ಲಿ ಡೆರಿ ನಗರದ ಸಮೀಪದ ಸರೋವರವೊಂದರಲ್ಲಿ ಕೇರಳ ಮೂಲದ ಕುಟುಂಬಗಳ ಇಬ್ಬರು ಹದಿಹರೆಯದ ಹುಡುಗರು ಮುಳುಗಿ ತೀರಿಕೊಂಡರು. ಅಂಥ ಮನೆಗಳು ನಮ್ಮವೂ ಆಗಬಹುದಿತ್ತು. ಮಕ್ಕಳಿಗೆ ಈಜು ಕಲಿಸಿ. ಅದರ ಜೊತೆಗೆ, ಈಜುವ ಮೊದಲು ತೇಲುವುದನ್ನೂ ಕಲಿಸಿ. ನಾನು ಈಗಲೂ ಫಾರ್ಟಿ ಫೂಟ್‌ಗೆ ಹೋಗುತ್ತೇನೆ. ಧುಮುಕುವುದಿಲ್ಲ, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುತ್ತೇನೆ.